ಕುಸುಬಿ ಎಣ್ಣೆ ಒರೆಸಿದ ರೈಫಲ್

ಮರಳುಗಾಡಿನಲ್ಲಿ ರೈಫಲ್ಲಿಗೆ ಎಣ್ಣೆ ಕಡಿಮೆ ಹಾಕಬೇಕು. ಇದನ್ನು ಕಲಿಯಲು ನಮ್ಮ ಕಡೆಯವರಿಗೆ ಬಹಳ ದಿನ ಹಿಡಿಯುತ್ತದೆ. ನಾವು ಬಂಡಿಯ ಅಚ್ಚಿಗೆ ಸೋರುವಷ್ಟು ಎಣ್ಣೆ ಬಿಡುವ ಜನ. ಚಕ್ರ ಕಿರುಗುಟ್ಟಿದರೆ ಊರೊಳಗೆ ಮರ್ಯಾದೆ ಹೋಯಿತು ಎಂದುಕೊಳ್ಳುವವರು. ರಾಜಸ್ಥಾನದ ಗಡಿಯಲ್ಲಿ ಮೊದಲ ವಾರ ನಾನು ಬೋಲ್ಟಿಗೆ ಎಣ್ಣೆ ಸುರಿದದ್ದನ್ನು ನೋಡಿ ನಮಗೆ ಶಸ್ತ್ರ ಕಲಿಸುವ ಉಸ್ತಾದ ಒಂದು ಹಿಡಿ ಮರಳು ತೆಗೆದು ಅದರ ಮೇಲೆ ಉದುರಿಸಿದ. ನಂತರ ಎಳೆಯಲು ಹೇಳಿದ. ಕರಕರ ಎಂದು ಅರ್ಧಕ್ಕೆ ನಿಂತಿತು. ಅಷ್ಟೇ ಅವನ ಪಾಠ, ಬೈಯಲೂ ಇಲ್ಲ.

ಅಲ್ಲಿಯ ಮರಳು ಹಿಟ್ಟಿನಷ್ಟು ನಯ. ಚೀಲದ ಹೊಲಿಗೆಯೊಳಗೂ ಬರುತ್ತದೆ, ರೊಟ್ಟಿಯೊಳಗೂ ಬರುತ್ತದೆ. ಎಣ್ಣೆ ಕಂಡರೆ ಅಲ್ಲೇ ಬೀಡು ಬಿಡುತ್ತದೆ. ಆದ್ದರಿಂದ ದಿನಕ್ಕೆ ಎರಡು ಮೂರು ಸಲ ಬಿಚ್ಚಬೇಕು, ಕುಂಚದಿಂದ ಝಾಡಿಸಬೇಕು, ನಳಿಗೆಯೊಳಗೆ ಬಟ್ಟೆಯ ಚಿಂದಿ ಎಳೆಯಬೇಕು. ಲೋಹಕ್ಕೆ ಲೋಹ ಉಜ್ಜುವ ಕಡೆಗೆ ಮಾತ್ರ ಬೆರಳ ತುದಿಯ ಎಣ್ಣೆ ತೋರಿಸಿ ಮತ್ತೆ ಒರೆಸಬೇಕು. ಗುಂಡು ತುಂಬುವ ಮ್ಯಾಗಜೀನ್ ಪೂರ್ತಿ ಒಣಗಿರಬೇಕು. ನಳಿಗೆಯ ಬಾಯಿಗೆ ಬಟ್ಟೆ ಕಟ್ಟಬೇಕು. ಎಷ್ಟೇ ದಣಿದರೂ ರೈಫಲ್ಲನ್ನು ನೆಲಕ್ಕೆ ಮಲಗಿಸಬಾರದು. ಇಷ್ಟನ್ನು ನಾನು ವರ್ಷಗಟ್ಟಲೆ ಮಾಡಿದೆ. ಈಗಲೂ ಉಮರ್ಗಾದ ಒಂದು ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆ ಬಂದೂಕು ಹಿಡಿದು ಕೂತಾಗ ಬೆರಳು ತಾನಾಗಿಯೇ ಸಂದುಗಳನ್ನು ಸವರುತ್ತಿರುತ್ತದೆ. ಹೆದ್ದಾರಿಯ ಲಾರಿಗಳ ಧೂಳು ಬಿಟ್ಟರೆ ಅಲ್ಲೇನೂ ಇರುವುದಿಲ್ಲ.

ನನ್ನ ಜೊತೆ ಅದೇ ದಿನ ಸೇನೆಗೆ ಸೇರಿದ ಗೆಳೆಯನೊಬ್ಬನಿದ್ದ. ನನ್ನ ಹಳ್ಳಿ ಕಾಸಾರಶಿರಸಿ ಸಂತೆಗೆ ನಡೆದು ಹೋಗುವಷ್ಟು ಹತ್ತಿರ. ನಮ್ಮದು ಲಿಂಗ ಕಟ್ಟುವ, ಹೊಲ ಉಳುವ ಮನೆ. ಅವನು ದೇವಣಿ ಕಡೆಯವನು, ಕುರಿ ಸಾಕುವ, ಬೀರಪ್ಪನಿಗೆ ನಡೆದುಕೊಳ್ಳುವ ಮನೆಯವನು. ಮಹಾರಾಷ್ಟ್ರದವರೆಂದು ಎಲ್ಲರೂ ನಮ್ಮೊಡನೆ ಮರಾಠಿ ಆಡುತ್ತಿದ್ದರು. ನಾವಿಬ್ಬರೇ ಕೂತಾಗ ಕನ್ನಡ ಆಡಿದರೆ ಅಕ್ಕಪಕ್ಕದವರಿಗೆ ಗಾಬರಿ. ಅವನ ಅಪ್ಪ ಊರ ಬೀರಪ್ಪನ ಗುಡಿಯ ಖಡ್ಗ ಕಾಯುವ ಮುದುಕ. ಆಯುಧಪೂಜೆಯ ದಿನ, ಖಂಡೇನವಮಿಗೆ, ಆ ಖಡ್ಗವನ್ನು ಒರೆಸಿ ಅರಿಶಿನದ ಭಂಡಾರ ಹಚ್ಚುವ ಹಕ್ಕು ಹಿರಿಯ ಮಗನದು. ರಜೆ ಸಿಗದ ವರ್ಷವೂ ಅಪ್ಪ ಅದನ್ನು ಮುಟ್ಟದೆ ಇವನು ಬರುವವರೆಗೆ ಇಡುತ್ತಿದ್ದ. ಇದನ್ನು ಅವನು ಹೇಳುವಾಗ ಎದೆ ಸ್ವಲ್ಪ ಮುಂದೆ ಬರುತ್ತಿತ್ತು.

ನಮ್ಮ ಕಂಪನಿಯಲ್ಲಿ ಆ ವರ್ಷ ಬಡ್ತಿಯ ಪಟ್ಟಿ ಒಂದೇ ಖಾಲಿ ಇತ್ತು. ತೋಳಿಗೆ ಪಟ್ಟಿ ಬಂದರೆ ಇನ್ನೂ ಕೆಲವು ವರ್ಷ ನೌಕರಿ. ಬಾರದಿದ್ದರೆ ಮುಂದಿನ ವರ್ಷ ಟ್ರಂಕು ಕಟ್ಟಿ ಊರಿಗೆ. ಉಳಿದವರು ಹಿಂದೆ ಬಿದ್ದು ಕೊನೆಗೆ ನಾವಿಬ್ಬರೇ ಉಳಿದಿದ್ದೆವು. ಗುಂಡು ಹಾರಿಸುವ ಪರೀಕ್ಷೆ ಮಾತ್ರ ಬಾಕಿ. ಗುರಿಯಲ್ಲಿ ಅವನು ನನಗಿಂತ ಒಳ್ಳೆಯವನು, ಅದು ಇಡೀ ಕಂಪನಿಗೆ ಗೊತ್ತಿತ್ತು.

ಪರೀಕ್ಷೆಗೆ ಐದು ದಿನ ಮೊದಲು ಖಂಡೇನವಮಿ. ಅವನಿಗೆ ಆ ವಾರ ಅಡುಗೆಮನೆಯ ಪಾಳಿ. ನನ್ನ ಬಳಿ ಅವ್ವ ರಜೆಯಲ್ಲಿ ಕಟ್ಟಿಕೊಟ್ಟ ಪುಟ್ಟ ಸೀಸೆ ಕುಸುಬಿ ಎಣ್ಣೆ ಇತ್ತು. ನಮ್ಮ ಕಡೆ ಆ ದಿನ ಮನೆಯಲ್ಲಿದ್ದ ಕಬ್ಬಿಣಕ್ಕೆಲ್ಲ, ನೇಗಿಲ ಕುಡ, ಕುಡಗೋಲು, ಕೊಡಲಿಗೆಲ್ಲ, ಹೊಲದ ಕುಸುಬಿ ಎಣ್ಣೆಯನ್ನೇ ಹಚ್ಚುವುದು. ಪೇಟೆಯ ಎಣ್ಣೆ ನಡೆಯುವುದಿಲ್ಲ.

“ನಂದೂ ಒಂದೀಟ ನೋಡ್ಕೋಳಪಾ. ನಂಗ ಪೂರಿ ಕರಿಯೂದಽ ಮುಗಿಯವಲ್ದು,” ಎಂದ ಗೆಳೆಯ.

ನಾನು ನನ್ನ ರೈಫಲ್ಲಿಗೂ ಅವನದಕ್ಕೂ ಬೋಲ್ಟ್ ಬಿಚ್ಚಿ ತೆಳ್ಳಗೆ ಕುಸುಬಿ ಎಣ್ಣೆ ಒರೆಸಿದೆ. ಊರು ನೆನಪಾಗಿ ಕಣ್ಣು ತುಂಬಿದ್ದೂ ನಿಜ. ಎಣ್ಣೆ ತೆಳ್ಳಗಿದ್ದರೆ ಸಾಕೆಂಬ ಪಾಠ ನೆನಪಿತ್ತು. ಕುಸುಬಿ ಎಣ್ಣೆ ತೆಳ್ಳಗೆ ಹಚ್ಚಿ ಬಿಟ್ಟರೆ ಗಾಳಿಗೆ ಒಣಗಿ ಮೇಣವಾಗುತ್ತದೆ ಎಂಬುದು ನೆನಪಾಗಲಿಲ್ಲ. ನಮ್ಮ ಅಡುಗೆಮನೆಯ ಎಣ್ಣೆ ಗಿಂಡಿಯ ಹೊರಮೈ ಮುಟ್ಟಿದ ಯಾರಿಗಾದರೂ ಅದು ಗೊತ್ತು. ಪೂಜೆಯ ನಂತರ ರೈಫಲ್ಲುಗಳು ಶಸ್ತ್ರದ ಕೋಣೆಗೆ ಹೋದವು. ಎರಡು ದಿನ ಬಿಸಿ ಗಾಳಿ ಬೀಸಿ ಮರಳೆದ್ದಿತು. ಹಬ್ಬವೆಂದು ಪರೀಕ್ಷೆಯವರೆಗೆ ಕೋಣೆಯ ಬೀಗ ತೆಗೆಯಲಿಲ್ಲ, ಯಾರೂ ಬಿಚ್ಚಿ ನೋಡಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ನಾನು ನನ್ನ ಬೋಲ್ಟ್ ಎಳೆದೆ. ಬೆಲ್ಲದ ಪಾಕದಲ್ಲಿ ಎಳೆದಂತೆ ಬಂತು. ಒಳಗೆಲ್ಲ ಕಂದು ಅಂಟು, ಅದರ ಮೇಲೆ ಮರಳು ಕೂತಿತ್ತು. ಡ್ರೈವರನ ಹತ್ತಿರ ಓಡಿ ಚಿಂದಿಗೆ ಪೆಟ್ರೋಲು ಹಾಕಿಸಿಕೊಂಡು ಬಂದು ಉಜ್ಜಿ ಉಜ್ಜಿ ತೆಗೆದೆ, ಒಣಗಿಸಿದೆ, ಸರಕಾರಿ ಎಣ್ಣೆ ಬೆರಳಲ್ಲಿ ತೋರಿಸಿದೆ. ಚಿಂದಿಯಲ್ಲಿ ಇನ್ನೂ ಪೆಟ್ರೋಲಿತ್ತು. ಅಷ್ಟರಲ್ಲಿ ಗೆಳೆಯ ಅಡುಗೆಮನೆಯಿಂದ ಓಡಿಬಂದ, ತನ್ನ ರೈಫಲ್ ತೆಗೆದುಕೊಂಡ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ನಂದು ನೋಡೀದೇನು?” ಎಂದು ಕೇಳಿದ.

“ನೋಡೀನಿ,” ಎಂದೆ.

ಸಾಲು ಹೊರಡಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತಿತ್ತು. ಆ ಹೊತ್ತಿನಲ್ಲಿ ನಾನು ನಿಜಕ್ಕೂ ಚಹಾ ಕುಡಿದೆ. ಪಟ್ಟಿ ನನಗೆ ಬೇಕಾಗಿತ್ತು. ಇದಕ್ಕಿಂತ ದೊಡ್ಡ ಕಾರಣವನ್ನು ಆಮೇಲೆ ಬಹಳ ಹುಡುಕಿದ್ದೇನೆ, ಸಿಕ್ಕಿಲ್ಲ.

ಅವನ ಎರಡು ಗುಂಡು ನಟ್ಟನಡುವೆ ಬಿದ್ದವು. ಮೂರನೆಯದಕ್ಕೆ ಬೋಲ್ಟ್ ಅರ್ಧಕ್ಕೆ ನಿಂತಿತು. ಎಳೆದ, ಅಂಗೈಯಿಂದ ಬಡಿದ, ಮತ್ತೆ ಎಳೆದ. ಇನ್ನೊಂದು ಹಾರಿತು, ಮತ್ತೆ ಕಚ್ಚಿತು. ಸೀಟಿ ಊದಿದರು, ಹೊತ್ತು ಮುಗಿಯಿತು. ಉಸ್ತಾದ ಬಂದು ಬಿಚ್ಚಿ, ಅಂಟನ್ನು ಹೆಬ್ಬೆರಳಲ್ಲಿ ತೆಗೆದು ಮೂಸಿ ನೋಡಿದ. ಇದು ಅಡುಗೆ ಎಣ್ಣೆ, ಪೂರಿ ಕರಿದ ಕೈಯಲ್ಲೇ ಹಿಡಿದಿದ್ದಾನೆ ಎಂದ. ಎಲ್ಲರೂ ನಕ್ಕರು. ಗೆಳೆಯ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ತಪ್ಪು ನನ್ನದೇ ಎಂದು ಒಪ್ಪಿಕೊಂಡ. ಸುಳ್ಳು ಹೇಳಲಿಲ್ಲ, ಹಾಗೆಂದೇ ನಂಬಿದ. ನಾನು ಮೂರು ಹೆಜ್ಜೆ ದೂರದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಪಟ್ಟಿ ನನ್ನ ತೋಳಿಗೆ ಬಂತು. ಅವನು ಮರುವರ್ಷ ಊರಿಗೆ ಹೋದ. ಅವನಿಗಿಂತ ಮೊದಲೇ ಸುದ್ದಿ ಹೋಗಿತ್ತು. ನಮ್ಮ ಕಡೆಯ ಸಿಪಾಯಿಗಳು ರಜೆಗೆ ಬಂದರೆ ಉದಗೀರದ ಬಸ್‌ ನಿಲ್ದಾಣದಲ್ಲೇ ಅರ್ಧ ಕತೆ ಹೇಳಿ ಮುಗಿಸಿರುತ್ತಾರೆ. ತನ್ನ ಹಥಿಯಾರ ಕಾಯಲಾರದವನ ಕೈಗೆ ದೇವರ ಖಡ್ಗ ಹೇಗೆ ಕೊಡಲಿ ಎಂದು ಅಪ್ಪ ಅದನ್ನು ಕಿರಿಯ ಮಗನಿಗೆ ಕೊಟ್ಟ. ಅಂದಿನಿಂದ ಗೆಳೆಯ ಖಂಡೇನವಮಿಗೆ ಗುಡಿಯೊಳಗೆ ಹೋಗದೆ ಕುರಿ ಹೊಡೆದುಕೊಂಡು ಅಡವಿಗೆ ಹೋಗುತ್ತಾನೆಂದು ಕೇಳಿದೆ. ಕೇಳಿದಾಗ ನನಗೆ ಅಯ್ಯೋ ಅನ್ನಿಸಬೇಕಿತ್ತು. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಪಿಂಚಣಿ ಬಂದು, ಉಮರ್ಗಾದಲ್ಲಿ ಮನೆ ಮಾಡಿ, ಮಕ್ಕಳ ಮದುವೆ ಮುಗಿಸಿದ ಮೇಲೂ ಆ ಜೋಮು ಇಳಿಯಲಿಲ್ಲ.

ಈ ಸಲ ಖಂಡೇನವಮಿಯ ಹಿಂದಿನ ದಿನ ಬ್ಯಾಂಕಿಗೆ ರಜೆ ಇತ್ತು. ನಿಲಂಗಾ ಮೇಲೆ ಹಾದು ದೇವಣಿಗೆ ಹೋದೆ. ಧೈರ್ಯ ಬಂದಿತ್ತು ಎಂದಲ್ಲ, ಬಸ್ಸು ಬಂದಿತ್ತು. ಗೆಳೆಯ ಅಂಗಳದಲ್ಲಿ ಕುರಿಯ ಗೊರಸು ಕೆತ್ತುತ್ತಿದ್ದ. ನೀರು ಕೊಟ್ಟ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಸೀಸೆ, ಅಂಟು, ಪೆಟ್ರೋಲು, ಚಹಾ ಒಂದನ್ನೂ ಬಿಡಲಿಲ್ಲ.

ಅವನು ಕುರಿಯ ಕಾಲು ಬಿಡದೆ ಕೇಳಿದ.

“ನೋಡೀನಿ ಅಂದ್ಯಲ್ಲ, ಆವಾಗ ನಿಂಗ ಗೊತ್ತಿತ್ತೇನು?”

“ಗೊತ್ತಿತ್ತು.”

“ನಾ ಎಷ್ಟ್ ವರ್ಷ ಕೈ ತೊಳದೀನಿ ಗೊತ್ತದೇನು? ಊಟಕ್ಕ ಮೊದ್ಲು, ಕುರಿಕತ್ತರಿ ಹಿಡಿಯೂಕಿಂತ ಮೊದ್ಲು. ಮಂದಿ ನಗ್ತಾರ.”

ಹೇಳಿಕೊಂಡರೆ ಹಗುರವಾಗುತ್ತದೆ ಎನ್ನುತ್ತಾರೆ. ನನಗೇನೂ ಆಗಲಿಲ್ಲ. ಬೈದರೆ ಚೆನ್ನಾಗಿತ್ತು ಎಂದು ಮಾತ್ರ ಅನ್ನಿಸಿತು. ಅವನು ಬೈಯಲಿಲ್ಲ. ಕುರಿಯನ್ನು ಬಿಟ್ಟು, ಒಳಗಿದ್ದ ಹೆಂಡತಿಯನ್ನು ಕರೆದ.

“ಇಲ್ಲಿ ಬಾ. ಇಂವಾ ಏನೋ ಹೇಳ್ತಾನ, ಕೇಳು.” ನಂತರ ನನ್ನ ಕಡೆ ತಿರುಗಿ, “ಆಕಿ ಮುಂದ ಇನ್ನೊಮ್ಮಿ ಹೇಳು,” ಎಂದ.

ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಇನ್ನೂ ಸಲೀಸಾಗಿ ಬಂತು, ಅದಕ್ಕೇ ನನ್ನ ಮೇಲೆ ನನಗೆ ಅಸಹ್ಯವಾಯಿತು. ಆಕೆ ಜೋಳದ ಹಿಟ್ಟು ಹತ್ತಿದ ಕೈಯಲ್ಲೇ ಬಾಗಿಲಿಗೆ ಒರಗಿ ಕೇಳಿದಳು. ಗಂಡನ ಮುಖ ನೋಡಿದಳು.

“ಮಾವ ಸಾಯೂ ಮುಂದ ಹಾಸಿಗಿ ಹಿಡದಾಗ ನೀವು ಬಂದಿದ್ರಿ,” ಎಂದಳು. “ಅವರ ಹತ್ರನೇ ಕುಂತಿದ್ರಿ. ಅವತ್ತ ಯಾಕ ಹೇಳಲಿಲ್ರೀ?”

ಹೌದು, ಹೋಗಿದ್ದೆ. ಮುದುಕ ನನ್ನ ಕೈ ಹಿಡಿದುಕೊಂಡು, “ನಮ್ಮ ಹುಡುಗಗ ನಿನ್ನಂಗ ಎಚ್ಚರ ಇರಲಿಲ್ಲಪಾ,” ಎಂದಿದ್ದ. ನಾನು ಹೌದೆಂದು ತಲೆಯಾಡಿಸಿದ್ದೆ.