ಕೊಂಬಿನ ಮದುಮಗಳು ಮತ್ತು ಲೈಬ್ರರಿ ಅಕ್ಕ

ಜಪಾನಿನ ದೆವ್ವಗಳಿಗೆ ದಾವಣಗೆರೆ ಮಾತು ಕಲಿಸಿದ ದಡ್ಡ ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ಇಲ್ಲದಿದ್ದರೆ ಲೈಬ್ರರಿ ಅಕ್ಕ ಎಲ್ಲಿದ್ದರೂ ಮೂಸಿ ನೋಡಿ ಪತ್ತೆ ಹಚ್ಚುತ್ತಾರೆ. ಅವರ ಮೂಗು ಅಂಥದ್ದು. ಉದ್ದವಾಗಿ ಇಳಿದು ತುದಿಯಲ್ಲಿ ಕೊಂಚ ಎಡಕ್ಕೆ ವಾಲಿದ ಮೂಗು, ಅದರ ಮೇಲೊಂದು ಬಿಳಿ ಕಲ್ಲಿನ ಮೂಗುತಿ. ವಾಪಸು ಬಂದ ಪುಸ್ತಕವನ್ನು ಅಕ್ಕ ಕಣ್ಣಿಂದ ನೋಡುತ್ತಿರಲಿಲ್ಲ. ನಡುಮಧ್ಯಕ್ಕೆ ತೆರೆದು, ಹೊಲಿಗೆಯ ಸಂದಿಗೆ ಮೂಗು ಇಟ್ಟು, ಕಣ್ಣು ಮುಚ್ಚಿ ಒಂದು ಉಸಿರು ಎಳೆಯುತ್ತಿದ್ದರು. ಆಮೇಲೆ ತೀರ್ಪು.

"ಮಿರ್ಚಿ ತಿಂದ ಕೈಯಾಗ ಓದೀಯ."

"ಇಲ್ಲಕ್ಕ."

"ಮಂಡಕ್ಕಿನೂ ಇತ್ತು."

ಇತ್ತು. ದಾವಣಗೆರೆಯಲ್ಲಿ ಮಿರ್ಚಿ ತಿಂದವನ ಹತ್ತಿರ ಮಂಡಕ್ಕಿ ಇರುತ್ತದೆ ಅಂತ ಹೇಳೋಕೆ ಮೂಗೇ ಬೇಕಾಗಿಲ್ಲ ನಿಜ. ಆದರೆ ಅಕ್ಕ ಹೇಳುವ ಧಾಟಿಗೆ ನಾವು ಅಲ್ಲೇ ಕಳ್ಳರಾಗಿಬಿಡುತ್ತಿದ್ದೆವು.

ಪಿ.ಜೆ. ಬಡಾವಣೆಯಲ್ಲಿ ಒಂದು ಕ್ಲಿನಿಕ್ಕಿಗೂ ಒಂದು ಹೋಟೆಲಿಗೂ ನಡುವೆ ಸಿಕ್ಕಿಕೊಂಡ ಮಳಿಗೆ ಅವರದು. ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ. ಎಡಗಡೆಯಿಂದ ಡೆಟ್ಟಾಲ್ ವಾಸನೆ, ಬಲಗಡೆಯಿಂದ ಬೆಣ್ಣೆದೋಸೆ ವಾಸನೆ, ನಡುವೆ ಹಳೇ ಕಾಗದ. ಗಂಡ ತೀರಿಕೊಂಡ ಮೇಲೆ ತವರಿಗೆ ಹೋಗದೆ, ಅವರು ಕೂಡಿಟ್ಟಿದ್ದ ಕಾದಂಬರಿಗಳನ್ನೇ ಜೋಡಿಸಿಟ್ಟುಕೊಂಡು ಕೂತ ಹೆಂಗಸು. ಊರಿಗೆಲ್ಲ ಅಕ್ಕ. ನನ್ನಂಥ ಕಾಲೇಜು ಹುಡುಗರಿಗೂ ಅಕ್ಕ, ತಲೆ ನರೆತ ವಕೀಲರಿಗೂ ಅಕ್ಕ.

ಮೂಸಿದ ಮೇಲೆ ವಿಚಾರಣೆ. "ಹೆಂಗಿತ್ತು?" ಅಂತ ಕೇಳುತ್ತಿದ್ದರು. ಅಭಿಪ್ರಾಯ ಹೇಳದೆ ಮುಂದಿನ ಪುಸ್ತಕ ಇಲ್ಲ. "ಚೆನ್ನಾಗಿತ್ತು" ಅಂದಿರೋ, ಕೆಟ್ಟಿರಿ. "ಚೆನ್ನಾಗಿತ್ತು ಅಂದೋರು ಓದಿರಂಗಿಲ್ಲ. ಓದಿದೋರಿಗೆ ಪುಸ್ತಕದ ಜೊತಿಗೆ ಒಂದು ಜಗಳ ಇದ್ದೇ ಇರ್ತೈತೆ" ಅನ್ನುವುದು ಅವರ ಸಿದ್ಧಾಂತ. ಒಮ್ಮೆ ನಾನು ಒಂದು ಪತ್ತೇದಾರಿ ಕಾದಂಬರಿಯ ಹಿಂಬದಿಯ ನಾಲ್ಕು ಸಾಲು ಓದಿಕೊಂಡು ಭರ್ಜರಿ ಅಭಿಪ್ರಾಯ ಒಪ್ಪಿಸಿದೆ. ಅಕ್ಕ ಪೂರ್ತಿ ಕೇಳಿದರು. ಆಮೇಲೆ, "ಕೊಲಿ ಮಾಡಿದೋನು ಹಲ್ಲಿನ ಡಾಕ್ಟ್ರೋ, ಕಣ್ಣಿನ ಡಾಕ್ಟ್ರೋ?" ಅಂದರು. "ಹಲ್ಲಿನ ಡಾಕ್ಟ್ರು" ಅಂದೆ. ಆ ಪುಸ್ತಕದಲ್ಲಿ ಡಾಕ್ಟರೇ ಇರಲಿಲ್ಲ.

ನಾನು ಮಿಮಿಕ್ರಿ ಮಾಡುವವನು. ಯಾರನ್ನೂ ಬಿಟ್ಟವನಲ್ಲ. ನನ್ನ ಸ್ವಂತ ದನಿ ಯಾವುದು ಅಂತ ನಮ್ಮವ್ವನಿಗೇ ಗುಮಾನಿ. ಒಂದು ದಿನ ಧೈರ್ಯ ಮಾಡಿ ಅಕ್ಕನ ಮುಂದೆಯೇ ಅಕ್ಕನನ್ನು ಮಾಡಿ ತೋರಿಸಿದೆ. ಪುಸ್ತಕ ಮೂಸಿದೆ, ಕಣ್ಣು ಕಿರಿದು ಮಾಡಿದೆ, "ಹೆಂಗಿತ್ತು?" ಅಂದೆ. ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು. ಅಕ್ಕ ಮಾತ್ರ ತಲೆ ಆಡಿಸಿ, "ದನಿ ಬಂತು ತಮ್ಮಾ. ಅನುಮಾನ ಬರಲಿಲ್ಲ" ಅಂದರು.

ಇನ್ನು ಆ ಪುಸ್ತಕದ ವಿಷಯ.

ಹರಿಹರದ ಪಕ್ಕದ ಗುತ್ತೂರಿನ ಫಿಟ್ಟರ್ ಒಬ್ಬರು ನಮ್ಮ ಲೈಬ್ರರಿ ಮೆಂಬರು. ಅವರ ಕಾರ್ಖಾನೆಗೆ ಜಪಾನಿನಿಂದ ಹೊಸ ಮಷೀನು ಬಂದಿತ್ತು, ಅದನ್ನು ಕೂಡಿಸಿಕೊಡಲು ಒಬ್ಬ ಜಪಾನಿ ಬಂದಿದ್ದ. ಊಟದ ಬಿಡುವಿನಲ್ಲಿ ಆತ ಒಂದು ದಪ್ಪ ಪುಸ್ತಕ ಹಿಡಿದು ಕೂರುತ್ತಿದ್ದನಂತೆ. ಊರಿಗೆ ವಾಪಸು ಹೋಗುವಾಗ ಅದನ್ನು ಫಿಟ್ಟರ್ ಕೈಗೆ ಕೊಟ್ಟು ನಮಸ್ಕಾರ ಮಾಡಿ ಹೋದ. ಫಿಟ್ಟರ್ ಹರಿಹರದಿಂದ ಬಸ್ ಹತ್ತಿ ಅದನ್ನು ತಂದು ಅಕ್ಕನ ಮೇಜಿನ ಮೇಲೆ ಇಟ್ಟರು.

ಅಕ್ಕ ಮೂಸಿದರು. "ಮೀನು" ಅಂದರು. ಅದೂ ಅನುಮಾನವೇ, ಆ ಮೂಗು ಮೀನು ಕಂಡದ್ದು ಯಾವಾಗ?

"ಬಾಳ ನಗ್ತಿದ್ದ ಅಕ್ಕಾರೆ, ಇದನ್ನ ಓದ್ಕೊಂತ. ಒಬ್ಬನೇ ಕುಂತು ಕಿಸಿಕಿಸಿ" ಅಂದರು ಫಿಟ್ಟರ್.

ಉದ್ದಕ್ಕೂ ಚಿತ್ರಗಳು. ಅಕ್ಷರ ಒಂದೂ ನಮ್ಮದಲ್ಲ. ಹಣೆಯ ಮೇಲೆ ಎರಡು ಪುಟ್ಟ ಕೊಂಬಿದ್ದ ಒಬ್ಬಳು ಚೆಲುವೆ, ಎರಡು ಕಾಲಲ್ಲಿ ನಡೆಯುವ ಬೆಕ್ಕು, ಕೆಂಪು ಮೈಯ ಬೆಟ್ಟದಂಥ ರಾಕ್ಷಸ, ಅಂದರೆ ಹುಡುಗಿಯ ಅಪ್ಪ. ಇವರ ನಡುವೆ ಸೈಕಲ್ಲಿನ ಒಬ್ಬ ಬಡಕಲು ಮನುಷ್ಯ ಹುಡುಗ. ಓದಲು ಬರದ ಪುಸ್ತಕವನ್ನು ಬಾಡಿಗೆಗೆ ಕೊಡುವುದು ಹೇಗೆ? ಅಕ್ಕ ನನ್ನ ಕಡೆ ನೋಡಿದರು. ನಾನು ಕಾಯುತ್ತಲೇ ಇದ್ದೆ.

ಸಂಜೆ ಮಳಿಗೆಯ ಮೆಟ್ಟಿಲ ಮೇಲೆ ಕೂತು, ಪುಟ ತಿರುಗಿಸುತ್ತ, ಒಬ್ಬೊಬ್ಬರಿಗೆ ಒಂದೊಂದು ದನಿ ಹಚ್ಚಿದೆ. ಕೊಂಬಿನ ಹುಡುಗಿಗೆ ನಮ್ಮ ಇಂಗ್ಲಿಷ್ ಮೇಡಂ ದನಿ. ಹುಡುಗನಿಗೆ ಹರಿಹರ ಬಸ್ಸಿನ ಕಂಡಕ್ಟರ್ ದನಿ. ಕೆಂಪು ರಾಕ್ಷಸ ಅಪ್ಪನಿಗೆ ಮಾತ್ರ ಎಂಥ ದನಿ ಅಂತ ಯೋಚಿಸುವ ಮೊದಲೇ ಬಾಯಿಗೆ ಬಂದದ್ದು ನಮ್ಮ ಸಾಹುಕಾರರ ದನಿ. ಸಾಹುಕಾರರು ಅಂದರೆ ಆ ಮಳಿಗೆ ಸಾಲಿನ ಮಾಲೀಕರು. ದಲಾಲಿ ಅಂಗಡಿ, ಲೋಕಿಕೆರೆಯಲ್ಲಿ ಹೊಲ. ಮಾತಿಗೆ ಮೊದಲು ಒಂದು ದೊಡ್ಡ ಕೆಮ್ಮು, ಮಾತಿನ ಕೊನೆಗೆ "ತಿಳೀತಾ?"

ಕತೆ ಹೀಗಿತ್ತು. ಮೊದಲ ಪುಟದಲ್ಲೇ ಕೊಂಬಿನ ಹುಡುಗಿಗೂ ಮನುಷ್ಯ ಹುಡುಗನಿಗೂ ಮದುವೆ. ಆಮೇಲೆ ಮುನಿಸು. ಆಮೇಲೆ ದೊಡ್ಡ ಜಗಳ. ಅವಳ ಅಪ್ಪ ಅವನನ್ನು ಮನೆಯಿಂದ ಆಚೆಗೆ ಎಸೆಯುತ್ತಾನೆ. ಕೊನೆಕೊನೆಗೆ ಹುಡುಗ ಅವಳ ಕೊಂಬು ಕಂಡು ಗುರುತೇ ಇಲ್ಲದವನ ಹಾಗೆ ಬೆದರಿ ಓಡುತ್ತಾನೆ. ಕಡೇ ಪುಟದಲ್ಲಿ ಒಬ್ಬನೇ ಸೇತುವೆಯ ಮೇಲೆ ಸೈಕಲ್ ತುಳಿಯುತ್ತ ಹೋಗುತ್ತಾನೆ. ಅದನ್ನು ನಾನು ಹರಿಹರದ ಸೇತುವೆ ಮಾಡಿ, ಕೆಳಗೆ ತುಂಗಭದ್ರೆ ಹರಿಸಿ, ಕಂಡಕ್ಟರ್ ದನಿಯಲ್ಲಿ ಒಂದು ನಿಟ್ಟುಸಿರು ಬಿಟ್ಟೆ. ಕೇಳುತ್ತಿದ್ದ ಹೆಣ್ಣುಮಕ್ಕಳು ಸೆರಗು ಕಣ್ಣಿಗೆ ಒತ್ತಿಕೊಂಡರು.

ಪುಸ್ತಕಕ್ಕೆ ಬೇಡಿಕೆ ಬಂತು. ಅಭಿಪ್ರಾಯಗಳೂ ಬಂದವು.

ಫಿಟ್ಟರ್ ಹೇಳಿದರು, "ದೆವ್ವದ ಕತಿ ಅಂದ್ರ ಇದು. ಮದುವಿ ಆದಮ್ಯಾಲೆ ಹೆಣ್ಣು ನಿಜರೂಪ ತೋರಸ್ತಾಳೆ. ನಮ್ಮನ್ಯಾಗೂ ಹಂಗೇ."

ಪಕ್ಕದ ಕ್ಲಿನಿಕ್ಕಿನ ನರ್ಸಮ್ಮ ಮುಖ ಗಂಟು ಹಾಕಿಕೊಂಡು ತಂದಿಟ್ಟರು. "ಅಲ್ರಿ ಅಕ್ಕಾರೆ, ಹುಡುಗನ ತಲಿಗೆ ಮೊದಲು ಬ್ಯಾಂಡೇಜು, ನಾಕು ಹಾಳಿ ಆದಮ್ಯಾಲೆ ಬಿದ್ದು ಪೆಟ್ಟು ಮಾಡ್ಕೊಂತಾನೆ. ಇದು ಯಾವ ಊರಿನ ದವಾಖಾನಿ?"

"ಅದು ಫ್ಲಾಷ್‌ಬ್ಯಾಕು" ಅಂದೆ ನಾನು, ಸಿನಿಮಾ ಬಲ್ಲವನ ಹಾಗೆ.

ಅಕ್ಕ ನನ್ನನ್ನೇ ನೋಡಿದರು. "ಅಳೋ ಕತಿ ಇದು ಅಂತೀಯ. ಆ ಜಪಾನಿ ಯಾಕ ನಗ್ತಿದ್ದ?"

"ಅವರ ಊರಾಗ ಹಂಗೇ ಇರಬೌದಕ್ಕ."

"ಅಳೋ ಕತಿಗೆ ನಗೋ ಊರು ಯಾವುದೂ ಇಲ್ಲ. ನೀ ಎಲ್ಲೋ ಒಂದ್ಕಡಿ ಕೈ ಆಡಿಸೀಯ."

ಅಲ್ಲಿಂದ ಅಕ್ಕ ಆ ಪುಸ್ತಕವನ್ನು ಬಿಡಲಿಲ್ಲ. ಹಾಳೆ ಕಿತ್ತು ಬೇರೆ ಕಡೆ ಅಂಟಿಸಿದ್ದಾನಾ ಅಂತ ಹೊಲಿಗೆ ನೋಡಿದರು. ಬೆಳಕಿಗೆ ಹಿಡಿದರು. ನನ್ನ ಬೆರಳಿಗೆ ಗೋಂದು ಇದೆಯಾ ಅಂತಲೂ ನೋಡಿದರು. ಅನುಮಾನ ಅಂಟುರೋಗ, ಕೊನೆಗೆ ನಾನೇ ಏನೋ ಮಾಡಿರಬೇಕು ಅಂತ ನನಗೂ ಅನ್ನಿಸತೊಡಗಿತು.

ಅಷ್ಟರಲ್ಲಿ ಸಾಹುಕಾರರು ಬಂದರು. ಕೆಮ್ಮು ಮೊದಲು ಬಂತು.

"ನಿಮ್ಮ ದೆವ್ವದ ಪುಸ್ತಕ ನೋಡಿ ನನ್ನ ಮಗಳು ಮದುವಿ ಬ್ಯಾಡ ಅಂತ ಕುಂತಾಳೆ. ಹರಿಹರದ ಅಕ್ಕಿ ಗಿರಣಿಯೋರ ಸಂಬಂಧ, ಮಾತುಕತಿ ಮುಗಿದೈತೆ. ಈಗ ಇವಳು, ಮದುವಿ ಆದಮ್ಯಾಲೆ ಏನೇನಾಗ್ತೈತೆ ಅಂತ ಆ ಪುಸ್ತಕದಾಗ ನೋಡೀನಿ, ನಂಗೆ ಭಯ ಆಗೈತೆ ಅಂತಾಳೆ. ದಸರಾ ಒಳಗ ಮಳಿಗಿ ಖಾಲಿ ಮಾಡ್ರಿ. ತಿಳೀತಾ?"

ಅಕ್ಕನ ಮುಖ ಬಿಳುಚಿತು. ಆ ಮಳಿಗೆ ಬಿಟ್ಟರೆ ಅವರಿಗೆ ಅಷ್ಟು ಪುಸ್ತಕ ಜೋಡಿಸಿಡಲು ಇನ್ನೊಂದು ಗೋಡೆ ಇರಲಿಲ್ಲ, ಹೊಟ್ಟೆಪಾಡಿಗೆ ಇನ್ನೊಂದು ಕಸುಬಿರಲಿಲ್ಲ. ನನ್ನ ನಾಲಿಗೆಯ ಆಟ ಅವರ ಅನ್ನಕ್ಕೇ ಕುತ್ತು ತಂದಿತ್ತು. ಬೈಯುತ್ತಾರೆ ಅಂತ ತಲೆ ತಗ್ಗಿಸಿದೆ. ಬೈಯಲಿಲ್ಲ.

"ಭಾನುವಾರ ಮಗಳನ್ನ ಕರಕೊಂಡು ಒಂದ್ಸಲ ಬರ್ರಿ ಸಾಹುಕಾರ್ರೆ. ಓದಿದೋರನ್ನೆಲ್ಲ ಕರಸ್ತೀನಿ. ಪುಸ್ತಕದ್ದೇ ತಪ್ಪಾದ್ರ ಅವತ್ತೇ ಕೀಲಿ ಕೊಡ್ತೀನಿ" ಅಂದರು. ಅವರು ಹೋದ ಮೇಲೆ, "ಆ ಹುಡುಗಿ ಹಂಗೆಲ್ಲ ಭಯ ಬೀಳಾಕಿ ಅಲ್ಲ" ಅಂತ ಗೊಣಗಿಕೊಂಡರು.

ಭಾನುವಾರ ಎಲ್ಲರೂ ಬಂದರು. ಸಾಹುಕಾರರಿಗೆ ಕುರ್ಚಿ. ಮಗಳು ಅವರ ಹಿಂದೆ, ಗೋಡೆಗೆ ಒರಗಿ. ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದವಳು. ಮಾತು ಕಮ್ಮಿ, ಕಣ್ಣು ಚುರುಕು. ಫಿಟ್ಟರು, ನರ್ಸಮ್ಮ ತಮ್ಮ ತಮ್ಮ ಅಭಿಪ್ರಾಯ ಒಪ್ಪಿಸಿದರು. ಸಾಹುಕಾರರ ಮುಖ ಇನ್ನಷ್ಟು ಕೆಂಪಾಯಿತು. ಪುಸ್ತಕದ ಪರವಾಗಿ ಮಾತಾಡುವವರು ಒಬ್ಬರೂ ಇಲ್ಲ.

ಆಗ ಒಳಗೆ ಬಂದವರು ಉರ್ದು ಶಾಲೆಯ ಟೀಚರಮ್ಮ. ಯಾವುದೋ ಕಾದಂಬರಿ ವಾಪಸು ಕೊಡಲು ಬಂದಿದ್ದರು ಅಷ್ಟೇ. "ಯೇ ಕ್ಯಾ ಹೈ, ಇಷ್ಟು ಜನ?" ಅನ್ನುತ್ತ ಮೇಜಿನ ಮೇಲಿದ್ದ ಪುಸ್ತಕ ಕೈಗೆತ್ತಿಕೊಂಡರು. ಎತ್ತಿಕೊಂಡವರು ಅವರ ರೂಢಿಯಂತೆ, ನಮಗೆ ಹಿಂದಿನ ರಟ್ಟು ಅನ್ನಿಸಿದ್ದನ್ನು ತೆರೆದು, ಬಲಗಡೆಯಿಂದ ಶುರು ಮಾಡಿದರು. ನಾಲ್ಕು ಹಾಳೆ ತಿರುವಿದರು. ಕಿಸಕ್ಕನೆ ನಕ್ಕರು. ಮತ್ತೆ ನಾಲ್ಕು. ಬುರ್ಖಾದ ತುದಿ ಬಾಯಿಗೆ ಒತ್ತಿಕೊಂಡು ನಕ್ಕರು.

ಅಕ್ಕ ಎದ್ದು ನಿಂತರು. "ಯಾಕ ನಗ್ತೀರಿ? ಹೇಳ್ರಿ ಟೀಚರಮ್ಮ, ಯಾಕ?"

"ಹುಡುಗ ಸೈಕಲ್ ಮ್ಯಾಲೆ ಬರ್ತಾನೆ, ಕೊಂಬು ನೋಡಿ ಹೆದರಿ ಓಡ್ತಾನೆ, ಬಿದ್ದು ತಲಿ ಒಡಕೊಂತಾನೆ, ಅವಳೇ ಪಟ್ಟಿ ಕಟ್ತಾಳೆ. ಆಖಿರ್ ಮೇ ಶಾದಿ, ಕೊನಿಗೆ ಮದುವಿ! ನಗಬಾರದೇನ್ರಿ?" ಎಲ್ಲರ ಮುಖ ನೋಡಿ ಅವರಿಗೆ ಹೊಳೆಯಿತು. "ಅಯ್ಯ, ನೀವೆಲ್ಲ ಶಾದಿಯಿಂದ ಶುರು ಮಾಡೀರೇನು? ನಮ್ಮ ಉರ್ದು ಹಂಗೆ ಇದೂ ಬಲಗಡಿಂದ ಓದೋ ಪುಸ್ತಕ!"

ನರ್ಸಮ್ಮ "ಅದಕ್ಕೇ ಮೊದಲು ಬ್ಯಾಂಡೇಜು!" ಅಂತ ಹಣೆ ಬಡಿದುಕೊಂಡರು. ಅಕ್ಕ ನನ್ನ ಕಡೆ ತಿರುಗಿ, "ಈಗ ಸರಿಯಾಗಿ ಓದು. ಈ ಕಡಿಂದ" ಅಂದರು.

ಓದಿದೆ. ಇಂಗ್ಲಿಷ್ ಮೇಡಂ ನಕ್ಕರು, ಕಂಡಕ್ಟರ್ ಪ್ರೀತಿಸಿದ. ಕೆಂಪು ರಾಕ್ಷಸನ ಪುಟ ಬಂದಾಗ ಬೇರೆ ದನಿ ಹುಡುಕಿದೆ, ಒಂದೂ ಸಿಗಲಿಲ್ಲ. ಬಾಯಿ ತೆರೆದರೆ ಮೊದಲು ಕೆಮ್ಮು ಬಂತು. "ಹೋಗಲಿ, ಮದುವಿ ಮಾಡ್ಕೊಳ್ರಿ. ತಿಳೀತಾ?"

ಸಾಹುಕಾರರ ಕುರ್ಚಿ ಕಿರುಗುಟ್ಟಿತು.

"ಈ ದನಿ ಎಲ್ಲೋ ಕೇಳೀನಲ್ಲ" ಅಂದರು ಸಾಹುಕಾರರು, ನಿಧಾನಕ್ಕೆ.

"ಜಪಾನಿನಾಗ ಎಲ್ಲಾ ಅಪ್ಪಂದಿರೂ ಹಿಂಗೇ ಮಾತಾಡ್ತಾರಂತೆ" ಅಂದರು ಅಕ್ಕ. ಜೀವಮಾನದಲ್ಲಿ ಅವರು ನನಗಾಗಿ ಹೇಳಿದ ಸುಳ್ಳು ಅದೊಂದೇ.

ಅಕ್ಕ ಈಗಿಲ್ಲ. ಕಾಮಾಲೆಯಾಗಿ ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ. ಅಲ್ಲಿಯೂ ಪ್ರತಿ ಮಾತ್ರೆಯನ್ನು ಮೂಸಿ ನೋಡಿಯೇ ನುಂಗುತ್ತಿದ್ದರು ಅಂತ ನರ್ಸಮ್ಮ ಅತ್ತುಕೊಂಡೇ ಹೇಳಿದರು. ನಾನು ಇವತ್ತು ಆರ್ಕೆಸ್ಟ್ರಾದ ಹಾಡುಗಳ ನಡುವೆ ನಿಂತು ಊರವರ ದನಿ ತೆಗೆದು ಹೊಟ್ಟೆ ಹೊರೆಯುತ್ತೇನೆ. ಒಬ್ಬ ಮನುಷ್ಯನ ದನಿ ಹಿಡಿಯುವ ಮೊದಲು ಅವನು ಯಾವುದನ್ನು ನಂಬುವುದಿಲ್ಲ ಅಂತ ನೋಡುತ್ತೇನೆ. ಅದು ಸಿಕ್ಕರೆ ದನಿ ತಾನೇ ಬರುತ್ತದೆ. ಈ ವಿದ್ಯೆ ನನಗೆ ಕಾಲೇಜು ಕೊಟ್ಟದ್ದಲ್ಲ.

ಅಕ್ಕ ಇರುವವರೆಗೂ ಮಳಿಗೆ ಅವರ ಕೈಯಲ್ಲೇ ಇತ್ತು. ಹರಿಹರದ ಸಂಬಂಧ ಮಾತ್ರ ಆ ಭಾನುವಾರವೇ ಮುರಿಯಿತು. ಅದು ಹೀಗೆ.

ಕತೆ ಮದುವೆಯಲ್ಲಿ ಮುಗಿದದ್ದು ಕೇಳಿ ಸಾಹುಕಾರರಿಗೆ ಖುಷಿಯಾಗಿತ್ತು. ಎದ್ದು ಶಲ್ಯ ಕೊಡವಿ, "ಚಲೋ ಆತು. ಇನ್ನೇನು ಭಯ? ನಡಿಯವ್ವ" ಅಂದರು ಮಗಳಿಗೆ. ಮಿಕ್ಕವರೂ ಹಗುರಾಗಿ ಎದ್ದರು. ಮಳಿಗೆ ಉಳಿದಿತ್ತು, ಅಕ್ಕ ಅಲ್ಲಿಗೇ ಸುಮ್ಮನಾಗಬಹುದಿತ್ತು. ಆದರೆ ಹುಡುಗಿಯ ಮುಖ ಬಾಡಿದ್ದನ್ನು ಅವರು ನೋಡಿಬಿಟ್ಟಿದ್ದರು.

"ತಡಿಯವ್ವ. ನೀ ಈ ಪುಸ್ತಕ ಓದೀಯೇನು?"

"ಓದೀನಿ ಅಕ್ಕ."

"ಆ ಹುಡುಗಿ ತಲಿ ಮ್ಯಾಲೆ ಏನೈತೆ ಹೇಳು."

ಕೊಂಬು ಅನ್ನುವ ಮಾತು ಅಷ್ಟು ಹೊತ್ತೂ ಎಲ್ಲರ ಬಾಯಲ್ಲಿತ್ತು. ಆದರೆ ಅವಳ ಕಿವಿ ಅಲ್ಲಿದ್ದರೆ ತಾನೇ. ಅವಳು ರಸ್ತೆ ಕಡೆ ನೋಡುತ್ತ, "ಮಲ್ಲಿಗಿ ದಂಡೆ" ಅಂದಳು.

ಅಕ್ಕ ಪುಸ್ತಕವನ್ನು ಮೆಲ್ಲಗೆ ಮುಚ್ಚಿ, "ಇವಳು ಇದನ್ನ ಮುಟ್ಟೇ ಇಲ್ಲ ಸಾಹುಕಾರ್ರೆ. ಬ್ಯಾಡ ಅನ್ನಕ್ಕೆ ಒಂದು ನೆಪ ಬೇಕಿತ್ತು. ದೆವ್ವದ್ದು ಸಿಕ್ಕೈತೆ" ಅಂದರು.

ಸಾಹುಕಾರರು ಕೆಮ್ಮುವುದನ್ನೂ ಮರೆತರು. "ಓದದೇ ಇರೋ ಪುಸ್ತಕದ ಮ್ಯಾಲೆ ಅಭಿಪ್ರಾಯ ಹೆಂಗೆ ಹೇಳಿದಿ ನೀನು?"

ಹುಡುಗಿ ಗೋಡೆ ಬಿಟ್ಟು ನೆಟ್ಟಗೆ ನಿಂತಳು.

"ನನ್ನ ಒಂದು ಮಾತೂ ಕೇಳದೇ ನನಗೆ ಒಪ್ಪಿಗಿ ಐತೆ ಅಂತ ಹರಿಹರಕ್ಕೆ ಹೇಳಿ ಕಳಿಸಿದ್ರಲ್ಲ ಅಪ್ಪಾಜಿ, ಹಂಗೆ."