ಬನಹಟ್ಟಿಗೆ ಅಯ್ಯನವರನ್ನು ಆರಿಸಲು ಹೋದೆ

ಗದಗಿನಿಂದ ಶುಕ್ರವಾರ ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದೆ. ಆಧಾರ್ ಕಾರ್ಡ್ ತೋರಿಸಿದೆ, ಟಿಕೆಟ್ ಪುಕ್ಕಟೆ. ಮೂವತ್ತು ವರ್ಷ ನರ್ಸಾಗಿ ದುಡಿದು ನಿವೃತ್ತಳಾದವಳು ನಾನು. ಸರ್ಕಾರ ಕೊಡುವ ಇಷ್ಟು ಸುಖವನ್ನಂತೂ ಬಿಡುವವಳಲ್ಲ. ಬನಹಟ್ಟಿಯ ನಮ್ಮ ಸಣ್ಣ ಕ್ರೈಸ್ತ ಸಭೆಗೆ ಅಯ್ಯನವರನ್ನು, ಎಂದರೆ ಸಭಾಪಾಲಕರನ್ನು, ಆರಿಸಬೇಕಿತ್ತು. ಊರಿನ ಐವರು ಹಿರಿಯರ ಜೊತೆ ಹೊರಗಿನ ಸಭೆಯಿಂದ ಒಬ್ಬರು ಕೂತು ಮತ ಹಾಕುವುದು ನಮ್ಮಲ್ಲಿ ರೂಢಿ. ಈ ಸಲದ ಪಾಳಿ ನನ್ನದು. ಈ ಬಾರಿಯೂ ಯಾರನ್ನೂ ಆರಿಸದಿದ್ದರೆ ಸಭೆಯನ್ನು ಮುಚ್ಚಿ ಜಮಖಂಡಿಯದಕ್ಕೆ ಸೇರಿಸುತ್ತೇವೆಂದು ಮೇಲಿನವರು ಹೇಳಿಬಿಟ್ಟಿದ್ದರು.

ಮುಚ್ಚುವುದೆಂದರೆ ಏನೆಂದು ಬೀಳಗಿಯಲ್ಲಿ ಕಂಡೆ. ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ ಬೀಳಗಿಗೆ ಬಂದು ಇಳಿದಾಗ ಫೆಬ್ರವರಿಯ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನಮ್ಮ ಪ್ರಾರ್ಥನಾ ಮನೆಗೆ ಎರಡು ವರ್ಷದಿಂದ ಬೀಗ. ಜಗಲಿಯ ಮೇಲೆ ಆಡುಗಳು ಮಲಗಿದ್ದವು. ಕೀಲಿ ಇಟ್ಟುಕೊಂಡಿದ್ದ ಮುದುಕಿ ಮಾರ್ಥಮ್ಮ ಬಾಗಿಲು ತೆಗೆದಳು. ಬೆಂಚುಗಳ ಮೇಲೆ ಧೂಳು ದಪ್ಪಗೆ ಕೂತಿತ್ತು.

"ಬಂದ ಅಯ್ಯನೋರಿಗೆಲ್ಲಾ ನಾವು ಒಂದೊಂದು ಕೊಂಕು ತಗದು ಹೆಸರಿಟ್ವಿರಿ ಅಕ್ಕಾರ. ಒಬ್ರು ಉದ್ದ ಮಾತಾಡ್ತಾರ, ಒಬ್ರಿಗೆ ಹಾಡಾಕ ಬರಂಗಿಲ್ಲ. ಈಗ ಹೆಸರಿಡಾಕೂ ಮಂದಿ ಉಳದಿಲ್ಲ," ಎಂದಳು.

ಮುಧೋಳದ ಖಾನಾವಳಿಯಲ್ಲಿ ಎರಡು ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ ಉಂಡೆ. ತೊಂಬತ್ತು ರೂಪಾಯಿ. ಪಲ್ಯ ಛಲೋ ಇತ್ತು, ಆದರೆ ಆ ಬೀಗವೇ ಕಣ್ಣ ಮುಂದಿದ್ದುದರಿಂದ ಅರ್ಧ ರೊಟ್ಟಿ ಹಾಗೇ ಉಳಿಯಿತು.

ಪ್ರಭಾಕರ ಅಯ್ಯನವರು ಮೂರು ತಿಂಗಳಿಂದ ಬನಹಟ್ಟಿಯಲ್ಲಿ ತಾತ್ಕಾಲಿಕವಾಗಿ ಇದ್ದವರು. ಅವರನ್ನು ಕಾಯಂ ಮಾಡುವುದೋ ಬೇಡವೋ ಎಂಬುದೇ ನಮ್ಮ ಮುಂದಿದ್ದ ಪ್ರಶ್ನೆ. ಸಂಜೆ ಸಕ್ಕರೆ ಕಾರ್ಖಾನೆಯಿರುವ ಸಮೀರವಾಡಿಯ ಹತ್ತಿರ ಸಿಗುತ್ತೇನೆಂದು ಫೋನಿನಲ್ಲಿ ಹೇಳಿದ್ದರು. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾಟಿ ಹೋದರೆ ಹೊಲದ ಬದಿಗೆ ಕಬ್ಬು ಕಡಿಯುವವರ ಗುಡಿಸಲುಗಳು. ಅಯ್ಯನವರು ಅಲ್ಲಿ ಕೂತು ಒಬ್ಬ ಹೆಂಗಸಿನ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದರು. ಪಟ್ಟಿ ಸಡಿಲಾಗಿತ್ತು. ನನ್ನ ಕೈ ಸುಮ್ಮನಿರಲಿಲ್ಲ, ಬಿಚ್ಚಿ ನಾನೇ ಕಟ್ಟಿದೆ.

"ಇವ್ರು ದೂರದವ್ರು, ಹಂಗಾಮ ಮುಗದ್ರ ಊರಿಗೆ ಹೊಕ್ಕಾರ. ನಮ್ಮ ಸಭಿಗೆ ಒಬ್ರೂ ಬರಂಗಿಲ್ರಿ," ಎಂದರು.

"ಮತ್ತ್ಯಾಕ ಬರ್ತೀರಿ?"

"ಒಳಗಿನವರಷ್ಟಕ್ಕ ಇದ್ರ ಅದು ಸಭಿ ಅಲ್ರಿ ಅಕ್ಕಾರ, ಬೀಗರ ಕೂಟ."

ನನಗೆ ನಗು ಬಂತು. ಅದರ ಬೆನ್ನಿಗೇ ದುರಾಸೆಯೂ ಬಂತು. ಗದಗಿನ ನಮ್ಮ ಸಭೆಗೂ ಒಂದು ವರ್ಷದಿಂದ ಅಯ್ಯನವರಿಲ್ಲ. ಇಂಥವರು ನಮಗೆ ಸಿಕ್ಕಿದ್ದರೆ, ಎಂದುಕೊಂಡೆ. ಆದರೆ ಒಂದು ಸಭೆಯಲ್ಲಿದ್ದವರನ್ನು ಇನ್ನೊಂದು ಸಭೆ ಕರೆಸಿಕೊಳ್ಳಬೇಕಾದರೆ ಅಲ್ಲಿನ ಹಿರಿಯರು ಒಪ್ಪಿ ಪತ್ರ ಬರೆದುಕೊಡಬೇಕು.

ಶನಿವಾರ ಬನಹಟ್ಟಿಯಲ್ಲಿ, ನಾನು ಇಳಿದುಕೊಂಡಿದ್ದ ಹಿರಿಯರಲ್ಲೊಬ್ಬರಾದ ದಾನಿಯೇಲಪ್ಪನವರ ಮನೆಯಲ್ಲಿ, ಐವರೂ ಸೇರಿದರು. ಪಕ್ಕದ ಓಣಿಯ ಮಗ್ಗಗಳ ಸದ್ದಿಗೆ ಎಲ್ಲರೂ ಗಟ್ಟಿಯಾಗಿಯೇ ಮಾತಾಡಬೇಕಿತ್ತು. ಒಬ್ಬರೂ ಅಯ್ಯನವರ ಪರ ಒಂದು ಮಾತು ಆಡಲಿಲ್ಲ. ಯಾರನ್ನೋ ದವಾಖಾನೆಗೆ ಒಯ್ದು ರವಿವಾರದ ಆರಾಧನೆಗೆ ಒಂದು ತಾಸು ತಡವಾಗಿ ಬಂದರಂತೆ. ಎಂಬತ್ತು ದಾಟಿದ ದಾನಿಯೇಲಪ್ಪನವರದಂತೂ ದೊಡ್ಡ ದನಿ.

"ನಮ್ಮ ಮನಿ ದೀಪಾನ ಆರಾಕತ್ತೇತಿ ತಂಗಿ, ಇವ್ರು ಓಣಿಗೆ ಬೆಳಕ ಹಿಡ್ಯಾಕ ಹೊಂಟಾರ. ನನ್ನ ಹೆಂಡ್ತಿ ಹಾಸಗಿ ಹಿಡದಾಗ ಎಷ್ಟ ಸಲ ಬಂದ್ರು? ಎರಡ ಸಲ!"

ರವಿವಾರ ಆರಾಧನೆ ಮುಗಿದ ಮೇಲೆ ಮತ. ಇಲ್ಲಿ ಚೀಟಿ ಇಲ್ಲ. ಒಬ್ಬೊಬ್ಬರಿಗೂ ಒಂದು ಜೋಳದ ಕಾಳು, ಒಂದು ಹುರುಳಿ ಕಾಳು ಕೊಡುತ್ತಾರೆ. ಒಪ್ಪಿಗೆಯಿದ್ದರೆ ಜೋಳ, ಇಲ್ಲದಿದ್ದರೆ ಹುರುಳಿ. ಬಟ್ಟೆ ಮುಚ್ಚಿದ ಗಡಿಗೆಯೊಳಗೆ ಕೈ ಇಳಿಸಿ ಹಾಕಬೇಕು. ಒಂದೇ ಒಂದು ಹುರುಳಿ ಬಿದ್ದರೂ ಆ ಅಯ್ಯನವರಿಗೆ ನೇಮಕ ಇಲ್ಲ. ಯಾರು ಏನು ಹಾಕಿದರೆಂದು ಕೇಳುವಂತಿಲ್ಲ, ಹೇಳುವಂತೆಯೂ ಇಲ್ಲ.

ನನ್ನ ಲೆಕ್ಕ ಹೀಗಿತ್ತು. ಐದು ಹುರುಳಿ ಹೇಗೂ ಬೀಳುತ್ತವೆ. ನಡುವೆ ಒಂಟಿ ಜೋಳ ಕಂಡರೆ ಅದು ನನ್ನದೆಂದು ಎಲ್ಲರಿಗೂ ತಿಳಿಯುತ್ತದೆ. ಹೊರಗಿನವಳು ಎದುರು ನಿಂತಳೆಂದು ಅವರು ಮುನಿಸಿಕೊಂಡರೆ ಅಯ್ಯನವರನ್ನು ಗದಗಿಗೆ ಬಿಟ್ಟುಕೊಡುವ ಪತ್ರ ಬರೆಯುವವರು ಯಾರು? ಹುರುಳಿ ಹಾಕಿದೆ.

ಗಡಿಗೆಯನ್ನು ತಟ್ಟೆಗೆ ಸುರಿದರು. ಐದು ಜೋಳ, ಒಂದು ಹುರುಳಿ.

ಉಳಿದ ನಾಲ್ವರು ಹಿರಿಯರೂ ದಾನಿಯೇಲಪ್ಪನವರ ಕಡೆ ತಿರುಗಿದರು. ಮುದುಕ ಎದ್ದು ನಿಂತರು. "ನಾ ಅಲ್ರೋ! ಬೈದದ್ದು ಖರೆ. ಮುಂಜಾನಿ ಪ್ರಾರ್ಥನಿ ಮಾಡುಮುಂದ ಮನಸ್ಸು ತಿರುಗ್ತು. ಇದ್ದೊಬ್ಬರನ್ನೂ ಕಳಕೊಂಡ್ರ ಮುಂದ ಯಾರು ಅಂತ ಜ್ವಾಳಾನ ಹಾಕೇನಿ!"

"ಹೇಳೂದು ಪದ್ಧತಿ ಅಲ್ಲ, ಕುಂದರ್ರಿ," ಎಂದರು ಒಬ್ಬರು. ದಾನಿಯೇಲಪ್ಪನವರನ್ನು ಯಾರೂ ನಂಬಲಿಲ್ಲ. ನನ್ನ ಮೇಲೆ ಯಾರೂ ಸಂಶಯಪಡಲಿಲ್ಲ. ನಾನೇ ಎಂದು ಒಂದು ಮಾತು ಹೇಳಿದ್ದರೆ ಮತ್ತೊಮ್ಮೆ ಕಾಳು ಹಂಚುತ್ತಿದ್ದರೋ ಏನೋ. ಹೇಳಬಾರದೆಂಬ ಆ ಪದ್ಧತಿಯ ಹಿಂದೆಯೇ ಅಡಗಿ ಕೂತೆ. ಗದಗಿನ ಸಭೆಗೆ ಕೊಟ್ಟ ವರದಿಯಲ್ಲಿ "ಒಮ್ಮತವಾಗಲಿಲ್ಲ" ಎಂದಷ್ಟೇ ಬರೆದವಳೂ ನಾನೇ.

ಮಧ್ಯಾಹ್ನ ಅಯ್ಯನವರೇ ತಮ್ಮ ಬೈಕಿನ ಮೇಲೆ ಜಮಖಂಡಿಯ ಬಸ್ ನಿಲ್ದಾಣಕ್ಕೆ ತಂದು ಬಿಟ್ಟರು. ದಾರಿಯುದ್ದಕ್ಕೂ ಬಿಸಿಗಾಳಿ. ಬಾಗಲಕೋಟೆ ಬಸ್ಸು ಹೊರಡಲು ಹತ್ತು ನಿಮಿಷ ಇತ್ತು. ಇಷ್ಟಾದ ಮೇಲೂ ನಾಚಿಕೆಗೆಟ್ಟು ಕೇಳಿದೆ, "ನಮ್ಮ ಗದಗಿಗೆ ಬರ್ತೀರಿ?"

"ಇಲ್ರಿ ಅಕ್ಕಾರ. ಹಂಗಾಮ ಮುಗಿಯೂತನಕ ಸಮೀರವಾಡಿ ಕಡೇನ ಎಲ್ಯರ ಖೋಲಿ ಹಿಡೀತೇನಿ. ಆಮ್ಯಾಲ ಕೂಲಿನೋ ನಾಲಿನೋ, ನೋಡೂಣು." ನನ್ನ ಚೀಲವನ್ನು ಬಸ್ಸಿನೊಳಗೆ ಇಟ್ಟು ಕೆಳಗಿಳಿದರು. "ಈಗ ಲಗೂನ ಹೋಗಬೇಕ್ರಿ. ದಾನಿಯೇಲಪ್ಪ ಅಜ್ಜಾರು ಉಣ್ಣಲಾರದ ಕುಂತಾರಂತ. 'ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ, ಆದದ್ದು ಆತು' ಅಂತ ಅವರಿಗೆ ಹೇಳಿ ಬರ್ತೇನಿ."

ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದೆ. ಅವರು ಬೈಕನ್ನು ಬನಹಟ್ಟಿ ದಾರಿಗೆ ತಿರುಗಿಸಿಕೊಳ್ಳುತ್ತಿದ್ದರು. ಮಾಡದ ತಪ್ಪಿಗೆ ಆ ಮುದುಕನನ್ನು ಕ್ಷಮಿಸಲು ಹೊರಟಿದ್ದರು. ಕಂಡಕ್ಟರ್ ಬಂದು ಆಧಾರ್ ಕೇಳಿದ, ತೆಗೆದು ತೋರಿಸಿದೆ.