ಕಡಲಿನ ಬಸ್ಸು ಮತ್ತೆ ಹೊರಟದ್ದು

ಸಾಗರದಿಂದ ಪ್ರತಿ ಬೇಸಿಗೆ ರಜೆಯಲ್ಲಿ ಕಡಲಿಗೆ ಹೋಗುತ್ತಿದ್ದ ಬಸ್ಸು ಎರಡು ವರ್ಷ ನಿಂತುಹೋಗಿತ್ತು. ಅದನ್ನು ನಿಲ್ಲಿಸಿದ್ದು ನನ್ನ ಸುಳ್ಳು. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ಸುತ್ತಿ ಬಳಸಿ ಬರೆಯಲು ಬಾರದು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅರವತ್ತರ ದಶಕದ ಮಾತು. ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಅಪ್ಪಯ್ಯನ ಚಾದಂಗಡಿ ಇತ್ತು. ಉಗಾದಿ ಕಳೆದ ಮೇಲೆ ಒಂದು ದಿನಕ್ಕೆ ಬಸ್ಸನ್ನು ಗೊತ್ತು ಮಾಡಿ ಅವರೇ ಜನ ಕೂಡಿಸುತ್ತಿದ್ದರು. ಬೆಳಗಿನ ಜಾವ ಹೊರಟು, ಜೋಗ ದಾಟಿ, ಘಟ್ಟ ಇಳಿದು ಹೊನ್ನಾವರದ ಕಡೆಯ ಒಂದು ತೀರಕ್ಕೆ ಹೋಗುವುದು. ತುರಿಕಜ್ಜಿಗೆ ಉಪ್ಪುನೀರಿನ ಸ್ನಾನ ಒಳ್ಳೆಯದೆಂದು ಎಲ್ಲರೂ ನಂಬಿದ್ದರು. ಹೊಸನಗರ, ತೀರ್ಥಹಳ್ಳಿಯ ನೆಂಟರೂ ಮಕ್ಕಳನ್ನು ಕರೆದುಕೊಂಡು ಹಿಂದಿನ ದಿನವೇ ಬಂದು ಉಳಿಯುತ್ತಿದ್ದರು.

ಆ ತೀರದಲ್ಲಿ ಮೀನುಗಾರರ ಪೈಕಿಯ ಒಬ್ಬ ಹೆಂಗಸಿನ ಮನೆ ಇತ್ತು. ಕಡಲಲ್ಲಿ ಮಿಂದವರಿಗೆ ಮೈ ತೊಳೆದುಕೊಳ್ಳಲು ಸಿಹಿನೀರು ಸಿಗುತ್ತಿದ್ದುದು ಅವಳ ಬಾವಿಯಲ್ಲಿ ಮಾತ್ರ. ಬಸ್ಸಿನವರಿಗೆಲ್ಲ ಅವಳೇ ನೀರು ಸೇದಿ ಕೊಡುತ್ತಿದ್ದಳು. ಪ್ರತಿ ಮನೆಯವರೂ ಅವಳಿಗೆಂದು ಅಕ್ಕಿ ಒಯ್ದಿರುತ್ತಿದ್ದರು. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ. ಆಗ ಅವಳ ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಆ ಅಕ್ಕಿಯಿಂದ.

ಬಸ್ಸು ನಿಲ್ಲುವ ಮೊದಲಿನ ಆ ಕೊನೆಯ ಸಲ ನನಗೆ ಹದಿನಾರು, ತಂಗಿಗೆ ಒಂಬತ್ತು. ಅವಳ ಕೈಬೆರಳ ಸಂದಿಯೆಲ್ಲ ಕಜ್ಜಿಯಾಗಿ ಪೆನ್ಸಿಲ್ ಹಿಡಿಯಲೂ ಆಗುತ್ತಿರಲಿಲ್ಲ. ಅಮ್ಮ ಬಾಣಂತಿಯಾಗಿದ್ದರಿಂದ ಅವಳನ್ನು ಮೀಯಿಸುವ ಕೆಲಸ ನನಗೆ ಬಂತು. ನಮ್ಮ ಹೊಳೆಯ ಸ್ನಾನದಲ್ಲಿ ಒಂದು ನಿಯಮ: ಸದ್ದು ಮಾಡುವ ನೀರಿಗೆ ಮಕ್ಕಳನ್ನು ಬಿಡಬಾರದು, ದಂಡೆಯ ಸುಮ್ಮನಿರುವ ನೀರಿನಲ್ಲಿ ಮೀಯಿಸಬೇಕು. ಕಡಲಲ್ಲೂ ನಾನು ಅಂಥ ಜಾಗವನ್ನೇ ಹುಡುಕಿದೆ. ಎಲ್ಲ ಕಡೆ ಅಲೆ ಬೆಳ್ಳಗೆ ಒಡೆಯುತ್ತಿತ್ತು. ನಡುವೆ ಒಂದು ಅಗಲವಾದ ಪಟ್ಟಿಯಲ್ಲಿ ಅಲೆಯೇ ಇರಲಿಲ್ಲ. ನೀರು ಕೆರೆಯ ಹಾಗೆ ನುಣ್ಣಗಿತ್ತು.

ತಂಗಿಯ ಕೈ ಹಿಡಿದು ಅತ್ತ ಹೊರಟಾಗ ಆ ಹೆಂಗಸು ಕೊಡ ಇಟ್ಟು ಓಡಿ ಬಂದಳು.

"ಅಲ್ಲಿ ಬ್ಯಾಡಾ ತಂಗಿ! ಅಲೆ ಇಲ್ದಿದ್ದಲ್ಲೇ ಸೆಳೀತದೆ. ಅಲೆ ಒಡೆಯೂ ಕಡೆ ನಿಂತ್ಕೋ, ಅದು ದಡಕ್ಕೇ ತಂದು ಹಾಕ್ತದೆ."

ನಾನು ತಲೆಯಾಡಿಸಿದೆ. ಅವಳು ಬಾವಿಗೆ ಹೋದಳು. ನನಗೆ ಒಳಗೇ ನಗು ಬಂದಿತ್ತು. ಅಲೆ ಬಡಿಯುವಲ್ಲಿ ಮಗುವನ್ನು ನಿಲ್ಲಿಸಬೇಕಂತೆ, ಸುಮ್ಮನಿರುವ ನೀರಿಗೆ ಹೆದರಬೇಕಂತೆ! ನೀರು ಗೊತ್ತಿಲ್ಲದವಳೇ ನಾನು? ಅವಳ ಬೆನ್ನು ತಿರುಗಿದ್ದೇ ತಂಗಿಯನ್ನು ಅಲ್ಲೇ ಇಳಿಸಿದೆ. ಮೊಣಕಾಲು ನೀರಿನಲ್ಲಿ ಅವಳನ್ನು ನಿಲ್ಲಿಸಿ, ಒದ್ದೆಯಾಗುತ್ತಿದ್ದ ಸೆರಗನ್ನು ಸಿಕ್ಕಿಸಿಕೊಳ್ಳಲು ಕೈ ಬಿಟ್ಟೆ. ನೋಡುವಷ್ಟರಲ್ಲಿ ಕಾಲಡಿಯ ಮರಳು ಜಾರಿ ಅವಳು ದೂರ ದೂರ ಹೋಗುತ್ತಿದ್ದಳು. ಅಲೆಯಿಲ್ಲ, ಸದ್ದಿಲ್ಲ. ಯಾರೋ ಎಳೆದುಕೊಂಡು ಹೋದ ಹಾಗೆ. ನಾನು ಕೂಗಿದ ಕೂಗಿಗೆ ಆ ಹೆಂಗಸೇ ಉಟ್ಟ ಸೀರೆಯಲ್ಲಿ ನೀರಿಗೆ ಬಿದ್ದು, ಓರೆಯಾಗಿ ಈಜಿ ಹೋಗಿ, ತಂಗಿಯ ಜಡೆ ಹಿಡಿದು, ಅಲೆ ಒಡೆಯುವ ಕಡೆಯಿಂದ ದಡಕ್ಕೆ ತಂದಳು. ಹೊಟ್ಟೆ ಒತ್ತಿ ನೀರು ಕಕ್ಕಿಸಿದಳು. ತಂಗಿ ಅತ್ತ ಮೇಲೆ ಆ ಹೆಂಗಸು ಒಣಬಟ್ಟೆ ತರಲು ತನ್ನ ಮನೆಗೆ ಓಡಿದಳು.

ಅಷ್ಟರಲ್ಲಿ ಅಪ್ಪಯ್ಯ ಬಂದರು. "ಅಲ್ಲಿಗೆ ಯಾಕೆ ಇಳಿದ್ರಿ? ಯಾರೂ ಎಂತೂ ಹೇಳ್ಲಿಲ್ವನೇ ನಿಂಗೆ?"

"ಯಾರೂ ಹೇಳ್ಲಿಲ್ಲ ಅಪ್ಪಯ್ಯ," ಎಂದೆ.

ಬಸ್ಸು ಸಾಗರ ಮುಟ್ಟುವಷ್ಟರಲ್ಲಿ ಆ ಮಾತು ಬೆಳೆದಿತ್ತು. ಆ ತೀರ ಕೆಟ್ಟದ್ದು, ಅದು ಮಕ್ಕಳನ್ನು ನುಂಗುತ್ತದೆ, ಅಲ್ಲಿಯವರು ಗೊತ್ತಿದ್ದೂ ಬಾಯಿ ಬಿಡುವುದಿಲ್ಲ. ಮರುವರ್ಷ ಒಬ್ಬರೂ ಹೆಸರು ಕೊಡಲಿಲ್ಲ. ಅದರ ಮರುವರ್ಷ ಅಪ್ಪಯ್ಯ ಕೇಳುವುದನ್ನೇ ಬಿಟ್ಟರು. ತಂಗಿ ಮಾತ್ರ ಏನೂ ಹೇಳಲಿಲ್ಲ, ನಾನೂ ಅವಳನ್ನು ಕೇಳಲಿಲ್ಲ.

ಮೂರನೇ ವರ್ಷ ಶಿವರಾತ್ರಿ ಕಳೆದ ವಾರದ ಸಂತೆಯ ದಿನ, ಚಾದಂಗಡಿಯ ಮುಂದೆ ಒಬ್ಬ ಹೆಂಗಸು ಒಣಮೀನಿನ ಬುಟ್ಟಿ ಇಳಿಸಿದಳು. ಅವಳೇ. ಹಿಂದೆಂದೂ ಘಟ್ಟ ಹತ್ತಿದವಳಲ್ಲ. ಅಕ್ಕಿ ನಿಂತ ಮೇಲೆ ಲಾರಿ ಹತ್ತಿ ಬಂದು ಒಣಮೀನು ಮಾರುವುದು ಅವಳ ಪಾಡಾಗಿತ್ತು. ಹೊರಗಿನ ಕಟ್ಟೆಯ ಮೇಲೆ ಕೂತು ಚಾ ಕೇಳಿದಳು. ನಾನೇ ಲೋಟ ಒಯ್ದು ಕೊಟ್ಟೆ. ನನ್ನ ಗುರುತು ಅವಳಿಗೆ ಕೂಡಲೇ ಹತ್ತಿತು.

"ಓಹೋ, ತಂಗಿ! ಸಣ್ಣವಳು ಹ್ಯಾಂಗಿದ್ದಾಳೆ? ಕಜ್ಜಿ ಗುಣ ಆಯ್ತೋ?" ಎಂದು ನಗುತ್ತಾ, ಒಳಗಿದ್ದ ಅಪ್ಪಯ್ಯನಿಗೆ ಕೇಳುವ ಹಾಗೆ, "ಎಂತಾ ಒಡೇರೆ, ನಿಮ್ಮ ಬಸ್ಸು ದಾರಿ ತಪ್ಪಿತೋ? ನಮ್ಮ ಬಾವಿ ಇನ್ನೂ ಬತ್ಲಿಲ್ಲ!" ಎಂದಳು.

ಅಪ್ಪಯ್ಯ ಗಲ್ಲಾಪೆಟ್ಟಿಗೆ ಬಿಟ್ಟು ಏಳದೆ ಹೇಳಿದರು: "ಮಗು ಉಳಿಸಿದ್ದು ನಿನ್ನ ಪುಣ್ಯ. ಇಲ್ಲ ಅನ್ನೋದಿಲ್ಲ. ಆದ್ರೆ ಅಲ್ಲಿ ಇಳೀಬೇಡಿ ಅಂತ ಮೊದ್ಲೇ ಒಂದು ಮಾತು ಅಂದಿದ್ರೆ ಆ ಗತಿ ಬರ್ತಿತ್ತಾ?"

ಅವಳು ನನ್ನನ್ನು ನೋಡಿದಳು. ಅಷ್ಟರಲ್ಲೇ ಅವಳಿಗೆ ಎಲ್ಲ ಅರ್ಥವಾಯಿತು. ನಾನು ನೆಲ ನೋಡಿದೆ. ಒಂದು ಗುಟುಕು ಚಾ ಕುಡಿದು ಅವಳು, "ಹೇಳಿದ್ದೆ ಅಂದ್ಕಂಡಿದ್ದೆ ಒಡೇರೆ. ಗಾಳಿ ಜೋರಿತ್ತು, ಪಾಪ, ಅವಳಿಗೆ ಕೇಳ್ಲಿಲ್ಲ ಕಾಣ್ತದೆ," ಎಂದಳು.

ಅವಳು ನನ್ನನ್ನು ಬೈದಿದ್ದರೆ ನಾನು ಇನ್ನೊಂದು ಸುಳ್ಳು ಹೇಳುತ್ತಿದ್ದೆನೇನೋ. ನನಗಾಗಿ ಅವಳೇ ಸುಳ್ಳು ಹೇಳಿದ್ದು ತಡೆಯಲಾಗಲಿಲ್ಲ.

"ಕೇಳಿತ್ತು ಅಪ್ಪಯ್ಯ," ಎಂದೆ. "ಇವರು ಓಡಿ ಬಂದು ಹೇಳಿದ್ರು. ನಾನೇ ಕೇಳ್ದೆ ಇಳ್ಸಿದ್ದು."

ಶಾಲೆ ಬಿಟ್ಟು ಆಗಷ್ಟೇ ಬಂದು ನಿಂತಿದ್ದ ತಂಗಿ ಹೇಳಿದಳು: "ನಂಗೂ ಕೇಳಿತ್ತು. ಅಕ್ಕಂಗೆ ಬೈತೀರಿ ಅಂತ ಸುಮ್ನಿದ್ದೆ."

ಅಪ್ಪಯ್ಯ ನನಗೆ ಹೊಡೆಯಲಿಲ್ಲ. ಹೊರಗೆ ಬಂದು ಆ ಹೆಂಗಸಿಗೆ, "ಒಳಗೆ ಬಾ ತಾಯಿ, ಬೆಂಚಿನ ಮೇಲೆ ಕೂತ್ಕಂಡು ಕುಡಿ," ಎಂದರು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಊರಿಗೆ ನಾನು ಹೇಳಿದ್ರೆ ನಂಬೋದಿಲ್ಲ. ನೀನೇ ಹೇಳಿ ಬಾ, ಒಂದು ಮನೆ ಬಿಡದೆ," ಎಂದರು.

ಮನೆ ಮನೆಗೆ ಹೋದೆ. ಕೆಲವರು ಬೈದರು, ಕೆಲವರು ನೀರು ಬೆಲ್ಲ ಕೊಟ್ಟು ಬೈದರು. "ಅಲ್ಲ ಮಾರಾಯ್ತಿ, ಎರಡು ವರ್ಷ ಕಡಲ ತಲೆ ಮೇಲೆ ಗೂಬೆ ಕೂರಿಸಿದ್ಯಲ್ಲೇ!" ಎಂದು ಹಿಂದಿನ ಬೀದಿಯ ಅತ್ತೆ ಹೊಟ್ಟೆ ಹಿಡಿದು ನಕ್ಕರು. ಎಲ್ಲಿ ಇಳಿಯಬಾರದೆಂದು ಪ್ರತಿ ಮನೆಯಲ್ಲೂ ಹೇಳಿದೆ. ಹೊಸನಗರ, ತೀರ್ಥಹಳ್ಳಿಯವರಿಗೆ ತಂಗಿಯ ಕೈಯಲ್ಲಿ ಕಾಗದ ಬರೆಸಿದೆ. ಕಡಲು ಮೊದಲಿನದೇ, ಸೆಳೆತವೂ ಮೊದಲಿನದೇ. ಆದರೆ ಅದು ಎಲ್ಲಿದೆ ಎಂದು ಗೊತ್ತಾದ ಮೇಲೆ ಜನರ ಭಯ ಇಳಿಯಿತು. ಉಗಾದಿ ಕಳೆದ ಮೇಲೆ ಬಸ್ಸು ತುಂಬಿತು. ಮೂರು ವರ್ಷದ್ದು ಸೇರಿಸಿದ ಹಾಗೆ ಅಕ್ಕಿ ಮೂಟೆಗಳು ಟಾಪಿನ ಮೇಲೇರಿದವು.

ಬಸ್ಸಿಳಿದ ಕೂಡಲೇ ಆ ಹೆಂಗಸು ನನ್ನನ್ನು ಆ ನುಣ್ಣನೆಯ ನೀರಿನ ದಡಕ್ಕೆ ಕರೆದೊಯ್ದಳು. "ಇಲ್ಲಿ ನೀನೇ ನಿಲ್ಲು ಮಗಾ. ನಾ ಹೇಳೂದು ನಿಮ್ಮೂರವ್ರಿಗೆ ಗಾಳಿಲಿ ಕೇಳೂದಿಲ್ಲ," ಎಂದು ಕಣ್ಣು ಮಿಟುಕಿಸಿದಳು. ಆಮೇಲೆ ತಂಗಿಯನ್ನು ಕರೆದುಕೊಂಡು ಅಲೆಯ ಕಡೆ ಹೋದಳು. ಅಂದಿನಿಂದ ಹೊಳೆಗೂ ಹೆದರುತ್ತಿದ್ದ ನನ್ನ ತಂಗಿ ಮೊದಲ ಅಲೆಗೆ ಚೀರಿದಳು, ಎರಡನೆಯದಕ್ಕೆ ನಕ್ಕಳು.

ನಾನು ಆ ದಿನ ಮೀಯಲಿಲ್ಲ. ಹಿಂದಿನ ಬೀದಿಯ ಅತ್ತೆ ಮೊಮ್ಮಗನನ್ನು ಎತ್ತಿಕೊಂಡು ನಾನು ನಿಂತಲ್ಲಿಗೇ ಬಂದರು.

"ಬಿಡೇ, ಇಲ್ಲಿ ನೀರು ಎಷ್ಟು ತಣ್ಣಗೆ ನಿಂತಿದೆ ನೋಡು."

"ನಾನೂ ಹಾಗೇ ಅಂದ್ಕಂಡಿದ್ದೆ ಅತ್ತೆ."

ಅವರು ನನ್ನ ಮುಖವನ್ನೊಮ್ಮೆ, ನೀರನ್ನೊಮ್ಮೆ ನೋಡಿದರು. "ಹಾಳಾದವಳೇ," ಎಂದು ಗೊಣಗುತ್ತಾ ಮೊಮ್ಮಗನನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಅಲೆ ಒಡೆಯುವ ಕಡೆಗೆ ನಡೆದರು.